ಸಿಒಪಿಡಿ ಕೆರಳಿದಾಗ ಏನು ಮಾಡಬೇಕು: "ನಾಳೆ ನೋಡೋಣ" ಅನ್ನುವವರಿಗೆ ಒಂದು ಮಾರ್ಗದರ್ಶಿ

ಅಪ್ಪನಿಗೆ ಸಿಒಪಿಡಿ, ಅಂದರೆ ಶ್ವಾಸಕೋಶದ ಕೊಳವೆಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ, ಇದೆ ಎಂದು ಗೊತ್ತಾದ ಮೊದಲ ವರ್ಷ ನಮ್ಮ ಮನೆಯಲ್ಲಿ ಹೆಚ್ಚು ಕೇಳಿಬರುತ್ತಿದ್ದ ಮಾತು "ನಾಳೆ ನೋಡೋಣ". ಕೆಮ್ಮು ಜಾಸ್ತಿ ಆಗಿದೆ ಅಲ್ವಾ ಅಂದರೆ, ನಾಳೆ ನೋಡೋಣ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತಿದೆಯಲ್ಲ ಅಂದರೆ, ನಾಳೆ ನೋಡೋಣ. ನಾಲ್ಕನೇ ದಿನ ನಡುರಾತ್ರಿ ಆಂಬುಲೆನ್ಸ್ ಕರೆಸಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕಫದ ಬಣ್ಣ ಬದಲಾಗಿದ್ದು ಯಾವತ್ತು?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಿಗೂ ಗೊತ್ತಿರಲಿಲ್ಲ.

ಆ ಪ್ರಶ್ನೆಯಿಂದ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಔಷಧಿಯ ಪ್ರಮಾಣ ನಿಮ್ಮ ಡಾಕ್ಟರು ಹೇಳಿದ್ದೇ. ಆದರೆ ಮನೆಯಲ್ಲಿರುವವರು ಯಾವಾಗ ಎಚ್ಚೆತ್ತುಕೊಳ್ಳಬೇಕು, ಏನು ಗಮನಿಸಬೇಕು, ಏನು ಮಾಡಬಾರದು ಅನ್ನುವುದನ್ನು ಡಾಕ್ಟರ ಬಳಿ ಸಿಗುವ ಹತ್ತು ನಿಮಿಷದಲ್ಲಿ ಪೂರ್ತಿ ತಿಳಿದುಕೊಳ್ಳುವುದು ಕಷ್ಟ.

ಕೆರಳುವುದು ಅಂದರೆ ಏನು

ಸಿಒಪಿಡಿ ಇರುವವರಿಗೆ ಒಂದು ದಿನ ಚೆನ್ನಾಗಿರುತ್ತದೆ, ಇನ್ನೊಂದು ದಿನ ಅಷ್ಟಾಗಿ ಇರುವುದಿಲ್ಲ. ಅದು ಮಾಮೂಲು. ಆದರೆ ದಮ್ಮು, ಕೆಮ್ಮು, ಕಫ ಇವು ಮಾಮೂಲನ್ನು ಮೀರಿ ಹೆಚ್ಚಾದರೆ, ಅದೂ 14 ದಿನದೊಳಗೆ ಏರಿಕೊಂಡು ಬಂದರೆ, ಅದನ್ನು ಕಾಯಿಲೆ ಕೆರಳಿದೆ ಅನ್ನುತ್ತಾರೆ. ಡಾಕ್ಟರು ಬರೆಯುವಾಗ "ಉಲ್ಬಣ" ಅನ್ನಬಹುದು.

ಆಗ ಒಳಗೆ ಆಗುವುದನ್ನು ಸ್ವಲ್ಪ ತಿಳಿದುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ. ಶ್ವಾಸಕೋಶದ ಸಣ್ಣ ಕೊಳವೆಗಳು ಊದಿಕೊಳ್ಳುತ್ತವೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ. ಗಾಳಿ ಹೇಗೋ ಒಳಗೆ ಹೋಗುತ್ತದೆ, ಹೊರಗೆ ಬರಲು ಒದ್ದಾಡುತ್ತದೆ. ಹಳೆಯ ಉಸಿರು ಪೂರ್ತಿ ಖಾಲಿಯಾಗುವ ಮೊದಲೇ ಹೊಸದನ್ನು ಎಳೆದುಕೊಳ್ಳುತ್ತೇವೆ. ಹೀಗೆ ಗಾಳಿ ಒಳಗೇ ಉಳಿದು ಎದೆ ಬಲೂನಿನಂತೆ ಉಬ್ಬಿಕೊಂಡಿರುತ್ತದೆ. ಎದೆಯ ಕೆಳಗಿನ ವಪೆ ಎಂಬ ಉಸಿರಾಟದ ಸ್ನಾಯು ಚಪ್ಪಟೆಯಾಗಿ, ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ರೋಗಿ "ಉಸಿರು ಎಳೆಯೋಕೆ ಆಗ್ತಿಲ್ಲ" ಅನ್ನುತ್ತಾರೆ. ನಿಜವಾದ ತೊಂದರೆ ಬಿಡುವುದರಲ್ಲಿದೆ.

ಕಾರಣ ಹೆಚ್ಚಿನ ಸಲ ಸೋಂಕು. ಅದರಲ್ಲೂ ಮಾಮೂಲಿ ನೆಗಡಿ ತರುವ ರೈನೋವೈರಸ್, ಫ್ಲೂ ವೈರಸ್. ಬೇರೆಯವರಿಗೆ ಮೂರು ದಿನದ ಮೂಗು ಸೋರುವಿಕೆ, ಇವರಿಗೆ ಆಸ್ಪತ್ರೆ. ಬ್ಯಾಕ್ಟೀರಿಯಾದಿಂದಲೂ ಆಗುತ್ತದೆ. ಹೊಗೆ, ಧೂಳು, ಕೆಟ್ಟ ಗಾಳಿಯಿಂದಲೂ ಆಗುತ್ತದೆ. ಸುಮಾರು ಮೂರರಲ್ಲಿ ಒಂದು ಸಲ ಕಾರಣವೇ ಸಿಗುವುದಿಲ್ಲ. ಹಾಗಾಗಿ "ನೀನು ಅದು ಮಾಡಿದ್ದಕ್ಕೇ ಹೀಗಾಯಿತು" ಎಂದು ಮನೆಯವರನ್ನು ದೂರುವುದು ಬೇಡ.

ಹಂತ 1: ಒಳ್ಳೆಯ ದಿನ ಹೇಗಿರುತ್ತದೆ ಎಂದು ಬರೆದಿಡಿ

ಇದನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ. ಮಾಮೂಲು ಏನು ಎಂದು ಗೊತ್ತಿಲ್ಲದಿದ್ದರೆ ಮಾಮೂಲು ಮೀರಿದ್ದು ಹೇಗೆ ಗೊತ್ತಾಗಬೇಕು?

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ರೋಗಿ ಚೆನ್ನಾಗಿರುವ ವಾರದಲ್ಲಿ ಇವನ್ನು ಬರೆಯಿರಿ. ನಿಲ್ಲದೆ ಎಷ್ಟು ದೂರ ನಡೆಯುತ್ತಾರೆ, ಎಷ್ಟು ಮೆಟ್ಟಿಲು ಹತ್ತುತ್ತಾರೆ. ಮಲಗಲು ಎಷ್ಟು ದಿಂಬು ಬೇಕು. ದಿನಕ್ಕೆ ಎಷ್ಟು ಚಮಚ ಕಫ ಬರುತ್ತದೆ, ಯಾವ ಬಣ್ಣ. ತಕ್ಷಣ ಆರಾಮ ಕೊಡುವ ಪಂಪನ್ನು (ಇನ್ಹೇಲರ್) ದಿನಕ್ಕೆ ಎಷ್ಟು ಸಲ ಬಳಸುತ್ತಾರೆ. ಕೂತಿದ್ದಾಗ ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಮಟ್ಟವನ್ನು ಶೇಕಡಾವಾರು ನೋಡುವ ಸಾಧನ) ಎಷ್ಟು ತೋರಿಸುತ್ತದೆ. ಪಾದದಲ್ಲಿ ಊತ ಇದೆಯೋ ಇಲ್ಲವೋ.

ಕಫವನ್ನು ಬಿಳಿ ಟಿಶ್ಯೂ ಮೇಲೆ ನೋಡಿದರೆ ಬಣ್ಣ ಸರಿಯಾಗಿ ತಿಳಿಯುತ್ತದೆ. ಅಸಹ್ಯ ಅನ್ನಿಸಬಹುದು, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಹಂತ 2: ಡಾಕ್ಟರ ಕೈಯಲ್ಲಿ ಬರೆಸಿಕೊಂಡ ಯೋಜನೆ ಮನೆಯಲ್ಲಿರಲಿ

ಮುಂದಿನ ಸಲ ಹೋದಾಗ ಹೀಗೆ ಕೇಳಿ: "ಕಾಯಿಲೆ ಕೆರಳಿದರೆ ಮನೆಯಲ್ಲಿ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ." ಸಾಮಾನ್ಯವಾಗಿ ಹಸಿರು, ಹಳದಿ, ಕೆಂಪು ಎಂದು ಮೂರು ಭಾಗ ಮಾಡುತ್ತಾರೆ. ಹಸಿರು ಅಂದರೆ ಮಾಮೂಲು. ಹಳದಿ ಅಂದರೆ ಕೆರಳಲು ಶುರುವಾಗಿದೆ, ಬರೆದದ್ದನ್ನು ಮಾಡಿ, ಫೋನ್ ಮಾಡಿ. ಕೆಂಪು ಅಂದರೆ ಆಸ್ಪತ್ರೆ.

ಕೆಲವರಿಗೆ ಸ್ಟೀರಾಯ್ಡ್ ಮಾತ್ರೆ ಮತ್ತು ಆ್ಯಂಟಿಬಯಾಟಿಕ್ ಅನ್ನು ಮೊದಲೇ ಮನೆಯಲ್ಲಿಟ್ಟುಕೊಳ್ಳಲು ಡಾಕ್ಟರು ಕೊಡುತ್ತಾರೆ. ಹಾಗೆ ಕೊಟ್ಟರೆ ಮೂರು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಯಾವ ಲಕ್ಷಣಕ್ಕೆ ಯಾವ ಮಾತ್ರೆ? ಎಷ್ಟು ದಿನ? ಶುರು ಮಾಡಿದ್ದನ್ನು ಯಾರಿಗೆ ತಿಳಿಸಬೇಕು? ಕೊಡದಿದ್ದರೆ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ನೀವೇ ತರಬೇಡಿ.

ಹಂತ 3: ಹಳದಿಯನ್ನು ಗುರುತಿಸುವುದು

ಬೆಳಿಗ್ಗೆ ಮೂರು ಪ್ರಶ್ನೆ ಸಾಕು. ದಮ್ಮು ಮಾಮೂಲಿಗಿಂತ ಹೆಚ್ಚಿದೆಯೇ? ಕಫ ಜಾಸ್ತಿಯಾಗಿದೆಯೇ? ಅದರ ಬಣ್ಣ ಬಿಳಿಯಿಂದ ಹಳದಿಗೋ ಹಸಿರಿಗೋ ತಿರುಗಿದೆಯೇ? ಈ ಮೂರು ಪ್ರಶ್ನೆಗೆ ದೊಡ್ಡ ಹಿನ್ನೆಲೆ ಇದೆ. ಯಾವ ರೋಗಿಗೆ ಆ್ಯಂಟಿಬಯಾಟಿಕ್‌ನಿಂದ ಲಾಭ ಅನ್ನುವುದನ್ನು 1987ರಲ್ಲಿ ಕೆನಡಾದ ವೈದ್ಯರು ಈ ಮೂರು ಲಕ್ಷಣಗಳನ್ನು ಇಟ್ಟುಕೊಂಡೇ ಪರೀಕ್ಷಿಸಿದರು. ಇಂದಿಗೂ ಡಾಕ್ಟರು ಇವನ್ನೇ ಕೇಳುತ್ತಾರೆ.

ಇವುಗಳ ಜೊತೆ ಇನ್ನೂ ಕೆಲವು ಸುಳಿವು ಇರುತ್ತವೆ. ಪಂಪ್ ಪದೇ ಪದೇ ಬೇಕಾಗುವುದು, ಅದರ ಪರಿಣಾಮ ಬೇಗ ಇಳಿದುಹೋಗುವುದು. ದಿಂಬು ಒಂದು ಹೆಚ್ಚಾಗುವುದು. ಕಾರಣವಿಲ್ಲದೆ ಸುಸ್ತು. ಸ್ನಾನ ತಪ್ಪಿಸುವುದು. ಈ ಕೊನೆಯದನ್ನು ಹಗುರವಾಗಿ ನೋಡಬೇಡಿ. ಅಪ್ಪ "ಇವತ್ತು ಸ್ನಾನ ಬೇಡ" ಅಂದಾಗ ನಾವು ಸೋಮಾರಿತನ ಅಂದುಕೊಂಡಿದ್ದೆವು. ದಮ್ಮು ಇರುವವರು ತಮಗೆ ಗೊತ್ತಿಲ್ಲದೆಯೇ ಕೆಲಸಗಳನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ಆಮೇಲೆ "ನನಗೇನೂ ಆಗಿಲ್ಲ" ಅನ್ನುತ್ತಾರೆ.

ಹೀಗೆ ಒಂದಕ್ಕಿಂತ ಹೆಚ್ಚು ಬದಲಾವಣೆ ಒಂದು ದಿನಪೂರ್ತಿ ಉಳಿದರೆ ಹಳದಿ ಎಂದೇ ತಿಳಿಯಿರಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬೇಗ ಚಿಕಿತ್ಸೆ ಶುರು ಮಾಡಿದವರು ಬೇಗ ಚೇತರಿಸಿಕೊಳ್ಳುತ್ತಾರೆ.

ಹಂತ 4: ದಮ್ಮು ಏರಿದ ಮೊದಲ ಹದಿನೈದು ನಿಮಿಷ

ಮೊದಲು ಕೂರಿಸಿ. ಮಲಗಿಸಬೇಡಿ. ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕೈ ತೊಡೆಯ ಮೇಲೋ ಮೇಜಿನ ಮೇಲೋ ಊರಲಿ. ತೋಳಿಗೆ ಆಸರೆ ಸಿಕ್ಕರೆ ಕುತ್ತಿಗೆ ಮತ್ತು ಎದೆಯ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ. ಬಿಗಿ ಬಟ್ಟೆ ಸಡಿಲಿಸಿ. ಮುಖಕ್ಕೆ ತಣ್ಣನೆಯ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಹಿಡಿಯಿರಿ. ಆಕ್ಸಿಜನ್ ಮಟ್ಟ ಇದರಿಂದ ಏರುವುದಿಲ್ಲ, ಆದರೆ ಉಸಿರು ಕಟ್ಟಿದ ಭಾವನೆ ತಗ್ಗುತ್ತದೆ.

ಈಗ ತುಟಿ ಕೂಡಿಸಿ ಉಸಿರು ಬಿಡಿಸಿ. ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ಆಮೇಲೆ ಶಿಳ್ಳೆ ಹಾಕುವಾಗಿನ ಹಾಗೆ ತುಟಿ ಮಾಡಿ ನಾಲ್ಕು ಎಣಿಸುವಷ್ಟು ಹೊರಗೆ. ಜೋರಾಗಿ ಊದಬಾರದು. ಎದುರಿಗೊಂದು ದೀಪ ಇದ್ದರೆ ಕುಡಿ ಅಲುಗಾಡಬೇಕು, ಆರಬಾರದು, ಅಷ್ಟು ಮೆಲ್ಲಗೆ. ಹೀಗೆ ಮಾಡಿದರೆ ಕೊಳವೆಯೊಳಗೆ ಸ್ವಲ್ಪ ಒತ್ತಡ ಉಳಿದು ಅದು ಬೇಗ ಮುಚ್ಚಿಕೊಳ್ಳುವುದಿಲ್ಲ. ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. "ಜೋರಾಗಿ ಉಸಿರು ಎಳಿ, ಎಳಿ" ಎಂದು ಸುತ್ತ ನಿಂತವರು ಕೂಗುವುದು ಇದರ ತದ್ವಿರುದ್ಧ. ಆಗಲೇ ತುಂಬಿದ ಎದೆಗೆ ಇನ್ನಷ್ಟು ತುಂಬಿದ ಹಾಗೆ. ಎದುರು ಕೂತು ನೀವೂ ನಿಧಾನವಾಗಿ ಉಸಿರು ಬಿಡಿ, ಅವರು ನಿಮ್ಮನ್ನು ನೋಡಿ ಅನುಸರಿಸುತ್ತಾರೆ.

ಆಮೇಲೆ ಪಂಪ್. ತಕ್ಷಣ ಆರಾಮ ಕೊಡುವ ಪಂಪ್‌ನಲ್ಲಿ ಸಾಮಾನ್ಯವಾಗಿ ಸಾಲ್ಬುಟಮಾಲ್ ಇರುತ್ತದೆ. ಬೆಳಿಗ್ಗೆ ಸಂಜೆ ತೆಗೆದುಕೊಳ್ಳುವ ಪಂಪ್ ಬೇರೆ, ಇದು ಬೇರೆ. ಗಾಬರಿಯಲ್ಲಿ ಅದಲುಬದಲಾಗದಂತೆ ಇದಕ್ಕೆ ಬಣ್ಣದ ಟೇಪ್ ಸುತ್ತಿಡಿ. ದಮ್ಮು ಏರಿದಾಗ ಪಂಪ್ ಒತ್ತುವುದಕ್ಕೂ ಉಸಿರು ಎಳೆಯುವುದಕ್ಕೂ ತಾಳ ಸಿಗುವುದಿಲ್ಲ, ಅದಕ್ಕೇ ಸ್ಪೇಸರ್ ಬೇಕು, ಅಂದರೆ ಪಂಪಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಡಬ್ಬಿ. ಪಂಪ್ ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸಿಕ್ಕಿಸಿ, ಒಂದು ಸಲ ಒತ್ತಿ, ನಿಧಾನವಾಗಿ ನಾಲ್ಕೈದು ಉಸಿರು ತೆಗೆದುಕೊಳ್ಳಲಿ. ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಇನ್ನೊಂದು. ಎರಡು ಮೂರು ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್ ಗೋಡೆಗೆ ಅಂಟಿ ಹಾಳಾಗುತ್ತದೆ.

ಎಷ್ಟು ಸಲ? ನಿಮ್ಮ ಹಾಳೆಯಲ್ಲಿ ಬರೆದಷ್ಟು. ಅಷ್ಟು ತೆಗೆದುಕೊಂಡೂ ಇಳಿಯದಿದ್ದರೆ ಅಥವಾ ಇಳಿದು ಸ್ವಲ್ಪ ಹೊತ್ತಿಗೇ ಮತ್ತೆ ಏರಿದರೆ, ಕೆಂಪು. ಕೈ ನಡುಗುವುದು, ಎದೆ ಡವಗುಟ್ಟುವುದು ಈ ಔಷಧಿಯ ಗುಣ, ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ. ಔಷಧಿಯನ್ನು ಮಂಜಿನಂತೆ ಮಾಡಿ ಮಾಸ್ಕಿನಿಂದ ಕೊಡುವ ನೆಬುಲೈಸರ್ ಯಂತ್ರ ಪಂಪ್‌ಗಿಂತ ದೊಡ್ಡ ಔಷಧಿ ಅಂತ ಹಲವರ ನಂಬಿಕೆ. ಒಳಗಿರುವುದು ಸಾಮಾನ್ಯವಾಗಿ ಅದೇ ಔಷಧಿ. ಸ್ಪೇಸರ್ ಸರಿಯಾಗಿ ಬಳಸಿದರೆ ಹೆಚ್ಚಿನವರಿಗೆ ಅಷ್ಟೇ ಪ್ರಯೋಜನ. ತೀರಾ ಬಳಲಿದವರಿಗೆ ನೆಬುಲೈಸರ್ ಸುಲಭ, ಅಷ್ಟೇ.

ಕಫ ಸಿಕ್ಕಿಕೊಂಡಿದ್ದರೆ ಗಂಟಲು ಹರಿಯುವಂತೆ ಕೆಮ್ಮಬೇಡಿ, ಸುಮ್ನೆ ಸುಸ್ತು. ಮಧ್ಯಮ ಉಸಿರು ತೆಗೆದುಕೊಂಡು, ಬಾಯಿ ತೆರೆದು, ಕನ್ನಡಿಗೆ ಹಬೆ ಬಿಟ್ಟ ಹಾಗೆ "ಹಾ" ಎಂದು ಉಸಿರು ದೂಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಕಫ ಮೇಲೆ ಬರುತ್ತದೆ, ಕೊನೆಗೊಂದು ಕೆಮ್ಮು ಸಾಕು. ಬಿಸಿನೀರಿನ ಪಾತ್ರೆಗೆ ಬಗ್ಗಿ ಹಬೆ ತೆಗೆದುಕೊಳ್ಳುವುದು ದಮ್ಮು ಏರಿದವರಿಗೆ ಬೇಡ. ಸುಟ್ಟುಕೊಂಡವರು ಕಡಿಮೆಯಿಲ್ಲ.

ಹಂತ 5: ಮಾತ್ರೆಗಳ ವಿಷಯ

ಸ್ಟೀರಾಯ್ಡ್ ಎಂದ ಕೂಡಲೇ ಹೆದರುವವರಿದ್ದಾರೆ. ಇಲ್ಲಿ ಅದು ಕೊಳವೆಯ ಊತ ಇಳಿಸಲು, ಕೆಲವೇ ದಿನಕ್ಕೆ. ಹೆಚ್ಚಾಗಿ ಬರೆಯುವುದು ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ, ದಿನಕ್ಕೊಂದು ಸಲ, 5 ದಿನ. ಮೊದಲು ಎರಡು ವಾರ ಕೊಡುತ್ತಿದ್ದರು. 2013ರಲ್ಲಿ ಪ್ರಕಟವಾದ ಸ್ವಿಟ್ಜರ್‌ಲ್ಯಾಂಡ್‌ನ ಅಧ್ಯಯನ 5 ದಿನದ್ದು 14 ದಿನದ್ದಕ್ಕಿಂತ ಕಡಿಮೆಯೇನಲ್ಲ ಎಂದು ತೋರಿಸಿತು. ಹಾಗಾಗಿ "ಹಿಂದಿನ ಸಲ ಜಾಸ್ತಿ ದಿನ ಕೊಟ್ಟಿದ್ದರಲ್ಲ" ಎಂದು ನೀವೇ ಮುಂದುವರಿಸಬೇಡಿ. ಬೆಳಿಗ್ಗೆ ಊಟ ತಿಂಡಿಯ ಜೊತೆ ತೆಗೆದುಕೊಂಡರೆ ಹೊಟ್ಟೆಗೂ ಒಳ್ಳೆಯದು, ರಾತ್ರಿ ನಿದ್ದೆಗೂ ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಸಕ್ಕರೆ ಮಟ್ಟ ಏರುತ್ತದೆ, ಪದೇ ಪದೇ ನೋಡಿಕೊಳ್ಳಿ.

ಆ್ಯಂಟಿಬಯಾಟಿಕ್ ಎಲ್ಲರಿಗೂ ಬೇಕಿಲ್ಲ. ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ಕಫದ ಬಣ್ಣ ತಿರುಗಿ, ಅದರ ಜೊತೆ ಕಫವೋ ದಮ್ಮೋ ಹೆಚ್ಚಾಗಿದ್ದರೆ ಡಾಕ್ಟರು ಕೊಡುತ್ತಾರೆ, ಸಾಮಾನ್ಯವಾಗಿ 5 ದಿನ. "ಬಣ್ಣ ಯಾವತ್ತು ಬದಲಾಯಿತು" ಎಂದು ನಮ್ಮನ್ನು ಕೇಳಿದ್ದು ಇದಕ್ಕೇ.

ದಿನನಿತ್ಯದ ಪಂಪ್ ನಿಲ್ಲಿಸಬೇಡಿ. ನಿದ್ದೆ ಮಾತ್ರೆ, ಆತಂಕ ತಗ್ಗಿಸುವ ಮಾತ್ರೆ, ಅಮಲು ಬರಿಸುವ ಕೆಮ್ಮಿನ ಸಿರಪ್ ಇವನ್ನು ಕೇಳದೆ ಕೊಡಲೇಬೇಡಿ. "ರಾತ್ರಿಯಾದರೂ ನಿದ್ದೆ ಮಾಡಲಿ" ಎಂಬ ಕಳಕಳಿಯಿಂದ ಕೊಟ್ಟ ಮಾತ್ರೆ ಉಸಿರಾಟವನ್ನೇ ಮಂದ ಮಾಡಬಹುದು.

ಹಂತ 6: ಯಾವಾಗ ಆಸ್ಪತ್ರೆ

ಇವುಗಳಲ್ಲಿ ಒಂದಿದ್ದರೂ ಆಂಬುಲೆನ್ಸ್ ಕರೆಸಿ:

- ಒಂದು ವಾಕ್ಯ ಪೂರ್ತಿ ಹೇಳಲು ಆಗದಷ್ಟು ದಮ್ಮು
- ತುಟಿ, ಉಗುರು ನೀಲಿಯೋ ಬೂದಿಯೋ ಆಗುವುದು
- ತಬ್ಬಿಬ್ಬು, ಗೊಂದಲದ ಮಾತು, ಎಬ್ಬಿಸಿದರೂ ಏಳದ ಮಂಪರು
- ಎದೆನೋವು, ತಲೆಸುತ್ತಿ ಬೀಳುವುದು, ಕೆಮ್ಮಿದಾಗ ರಕ್ತ
- ಆಕ್ಸಿಮೀಟರ್ 88ಕ್ಕಿಂತ ಅಥವಾ ನಿಮ್ಮ ಹಾಳೆಯಲ್ಲಿ ಬರೆದ ಅಂಕಿಗಿಂತ ಕೆಳಗಿಳಿದು ಅಲ್ಲೇ ನಿಲ್ಲುವುದು
- ಪಂಪ್ ತೆಗೆದುಕೊಂಡರೂ ದಮ್ಮು ಇಳಿಯದಿರುವುದು

ಮಂಪರಿನ ಬಗ್ಗೆ ಒಂದು ಮಾತು. ಇಡೀ ದಿನ ಒದ್ದಾಡಿದ ರೋಗಿ ಸಂಜೆ ಹೊತ್ತಿಗೆ ಸುಮ್ಮನಾಗಿ ತೂಕಡಿಸಿದರೆ ಮನೆಯವರಿಗೆ ಸಮಾಧಾನ ಆಗುತ್ತದೆ. ಅದು ಆರಾಮದ ನಿದ್ದೆ ಅಲ್ಲದೆಯೂ ಇರಬಹುದು. ಉಸಿರಾಟದ ಸ್ನಾಯುಗಳು ಸೋತು, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗಲೂ ಹೀಗೇ ಆಗುತ್ತದೆ. ತಲೆನೋವು, ಕೈ ಚಾಚಿದಾಗ ಅಂಗೈ ಪಟಪಟ ಬೀಳುವುದು ಅದರ ಗುರುತು. ಎಬ್ಬಿಸಿ, ಮಾತಾಡಿಸಿ ನೋಡಿ.

ಇನ್ನೊಂದು. ಸಿಒಪಿಡಿ ಇರುವವರಿಗೆ ಬರುವ ದಮ್ಮೆಲ್ಲ ಸಿಒಪಿಡಿಯದ್ದೇ ಅಲ್ಲ. ಕ್ಷಣದಲ್ಲಿ, ಒಂದೇ ಪಕ್ಕದ ಎದೆನೋವಿನ ಜೊತೆ ಬಂದರೆ ಶ್ವಾಸಕೋಶದಿಂದ ಗಾಳಿ ಸೋರಿರಬಹುದು. ಒಂದು ಕಾಲು ಊದಿ ನೋಯುತ್ತಿದ್ದರೆ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿರಬಹುದು. ನ್ಯುಮೋನಿಯಾ, ಹೃದಯದ ತೊಂದರೆಯೂ ಹೀಗೇ ಕಾಣುತ್ತವೆ. ಕಾಯಿಲೆ ಕೆರಳಿದ ದಿನಗಳಲ್ಲಿ ಮತ್ತು ಆಮೇಲಿನ ಕೆಲವು ವಾರ ಹೃದಯಾಘಾತದ ಅಪಾಯವೂ ಹೆಚ್ಚು. ಎದೆ ಹಿಂಡಿದ ಹಾಗೆ ಅನ್ನಿಸಿದರೆ ಪಂಪ್ ಒತ್ತುತ್ತಾ ಕೂರಬೇಡಿ.

ಹಂತ 7: ಆಕ್ಸಿಜನ್ ಕೂಡ ಅಳತೆಯ ಔಷಧಿ

ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಆಕ್ಸಿಮೀಟರ್ 90 ತೋರಿಸುತ್ತಿದೆ, ಮನೆಯಲ್ಲಿ ಆಕ್ಸಿಜನ್ ಯಂತ್ರ ಇದೆ, ಮಗ ಹೋಗಿ ಗುಂಡಿ ಪೂರ್ತಿ ತಿರುಗಿಸುತ್ತಾನೆ. 99 ಬರುತ್ತದೆ. ಎಲ್ಲರಿಗೂ ಖುಷಿ. ಒಂದು ಗಂಟೆಗೆ ರೋಗಿ ಮಂಪರಿಗೆ ಜಾರುತ್ತಾರೆ.

ಕೆರಳಿದ ಸಿಒಪಿಡಿಯಲ್ಲಿ ಆಕ್ಸಿಜನ್ ಗುರಿ 88ರಿಂದ 92. ಶ್ವಾಸಕೋಶದ ಕೆಟ್ಟ ಭಾಗಗಳಿಗೆ ರಕ್ತ ಹೆಚ್ಚು ಹರಿಯದಂತೆ ದೇಹ ಅಲ್ಲಿನ ರಕ್ತನಾಳಗಳನ್ನು ಬಿಗಿ ಮಾಡಿಕೊಂಡಿರುತ್ತದೆ. ಆಕ್ಸಿಜನ್ ಸುರಿದರೆ ಆ ಬಿಗಿತ ಸಡಿಲವಾಗಿ, ಗಾಳಿ ಸರಿಯಾಗಿ ಆಡದ ಜಾಗಕ್ಕೇ ರಕ್ತ ಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ಉಳಿಯುತ್ತದೆ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಅಧ್ಯಯನದಲ್ಲಿ ಆಂಬುಲೆನ್ಸ್‌ನಲ್ಲೇ ಹೀಗೆ ಅಳತೆ ಮಾಡಿ ಆಕ್ಸಿಜನ್ ಕೊಟ್ಟಾಗ, ಧಾರಾಳವಾಗಿ ಕೊಟ್ಟವರಿಗೆ ಹೋಲಿಸಿದರೆ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು.

ಹಾಗೆಂದು ಆಕ್ಸಿಜನ್‌ಗೆ ಹೆದರಿ ತೆಗೆದುಹಾಕುವುದೂ ತಪ್ಪು. 88ಕ್ಕಿಂತ ಕೆಳಗಿದ್ದರೆ ಅದು ಬೇಕೇ ಬೇಕು. ಡಾಕ್ಟರು ಗೊತ್ತು ಮಾಡಿದ ಲೀಟರ್‌ಗಿಂತ ನೀವಾಗಿ ಏರಿಸಬೇಡಿ, ಸಾಲದಿದ್ದರೆ ಆಂಬುಲೆನ್ಸ್ ಕರೆಸಿ. ಬಂದ ಸಿಬ್ಬಂದಿಗೆ ಮೊದಲ ಮಾತೇ "ಇವರಿಗೆ ಸಿಒಪಿಡಿ ಇದೆ" ಎಂದಿರಲಿ. ಆಕ್ಸಿಜನ್ ಹತ್ತಿರ ಬೆಂಕಿ, ಸಿಗರೇಟು ಬರಲೇಬಾರದು.

ಆಕ್ಸಿಮೀಟರ್ ಕೂಡ ಸುಳ್ಳು ಹೇಳುತ್ತದೆ. ತಣ್ಣನೆಯ ಬೆರಳು, ನೇಲ್ ಪಾಲಿಶ್, ಅಲುಗಾಟ ಇದ್ದರೆ ಅಂಕಿ ತಪ್ಪುತ್ತದೆ. ಚರ್ಮ ಕಪ್ಪಗಿದ್ದವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸಬಹುದು. ಕೈ ಬೆಚ್ಚಗೆ ಮಾಡಿ, ಒಂದು ನಿಮಿಷ ಕಾದು ಓದಿ. ಅಂಕಿ ಚೆನ್ನಾಗಿದ್ದು ಮನುಷ್ಯ ಚೆನ್ನಾಗಿಲ್ಲದಿದ್ದರೆ ಮನುಷ್ಯನನ್ನೇ ನಂಬಿ.

ಆಸ್ಪತ್ರೆಯಲ್ಲಿ ಎಕ್ಸ್‌ರೇ, ಇಸಿಜಿ, ರಕ್ತ ಪರೀಕ್ಷೆ ಮಾಡುತ್ತಾರೆ. ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದು ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ನೋಡುತ್ತಾರೆ. ಏರಿದ್ದರೆ ಮುಖಕ್ಕೆ ಬಿಗಿ ಮಾಸ್ಕ್ ಹಾಕಿ ಬೈಪ್ಯಾಪ್ ಯಂತ್ರದಿಂದ ಉಸಿರಿಗೆ ಆಸರೆ ಕೊಡುತ್ತಾರೆ. ಗಾಳಿ ಮುಖಕ್ಕೆ ನುಗ್ಗಿದ ಹಾಗಾಗಿ ಮೊದಲು ಹಿಂಸೆ ಅನ್ನಿಸುತ್ತದೆ. ಕೈ ಹಿಡಿದು ಕೂತು ಧೈರ್ಯ ಹೇಳಿ, ಕಿತ್ತುಹಾಕಲು ಬಿಡಬೇಡಿ. ಹಲವರನ್ನು ವೆಂಟಿಲೇಟರ್‌ನಿಂದ ತಪ್ಪಿಸುವುದು ಇದೇ ಮಾಸ್ಕ್.

ಹಂತ 8: ಮನೆಗೆ ಬಂದ ಮೇಲೆ

ಐದು ದಿನದ ಮಾತ್ರೆ ಮುಗಿದರೆ ಕಾಯಿಲೆ ಮುಗಿದ ಹಾಗಲ್ಲ. ಮೊದಲಿನಂತಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಐದರಲ್ಲಿ ಒಬ್ಬರು ಎಂಟು ವಾರವಾದರೂ ಹಳೆಯ ಸ್ಥಿತಿಗೆ ಬಂದಿರುವುದಿಲ್ಲ. ಈ ಸಮಯದಲ್ಲೇ ಮತ್ತೆ ಕೆರಳುವ ಸಾಧ್ಯತೆಯೂ ಹೆಚ್ಚು. ಹಾಗಾಗಿ ಒಂದರಿಂದ ನಾಲ್ಕು ವಾರದೊಳಗೆ ಡಾಕ್ಟರನ್ನು ಮತ್ತೆ ಕಾಣಿ. ಪಂಪ್ ಚೀಲ ಸಮೇತ ಹೋಗಿ, ಅವರೆದುರಿಗೇ ಬಳಸಿ ತೋರಿಸಿ. ವರ್ಷಗಟ್ಟಲೆ ತಪ್ಪಾಗಿ ಬಳಸುತ್ತಿರುವುದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. ಸ್ಪ್ರೇ ಪಂಪ್ ಅನ್ನು ನಿಧಾನವಾಗಿ ಎಳೆಯಬೇಕು, ಪುಡಿ ಇರುವ ಪಂಪ್ ಅನ್ನು ಜೋರಾಗಿ ಎಳೆಯಬೇಕು. ಅಪ್ಪ ಎರಡನ್ನೂ ಒಂದೇ ಥರ ಎಳೆಯುತ್ತಿದ್ದರು.

"ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಮಂಚಕ್ಕೆ ಕಟ್ಟಿಹಾಕಬೇಡಿ. ಮಲಗಿದಷ್ಟೂ ಕಾಲಿನ ಸ್ನಾಯು ಸೊರಗುತ್ತದೆ, ಸೊರಗಿದ ಕಾಲಿಗೆ ಹೆಚ್ಚು ಉಸಿರು ಬೇಕು. ಕೋಣೆಯೊಳಗಿನ ನಡಿಗೆಯಿಂದ ಶುರು ಮಾಡಿ. ಪಲ್ಮನರಿ ರಿಹ್ಯಾಬ್ ಎಂಬ ವ್ಯಾಯಾಮ ಮತ್ತು ಉಸಿರಾಟದ ತರಬೇತಿ ಸಿಗುವಂತಿದ್ದರೆ ನಾಲ್ಕು ವಾರದೊಳಗೆ ಸೇರಿಸಿ.

ಹಂತ 9: ಮುಂದಿನದನ್ನು ದೂರ ಇಡುವುದು

ಒಂದು ಸಲ ಕೆರಳಿದವರಿಗೆ ಮತ್ತೆ ಕೆರಳುವ ಅಪಾಯ ಹೆಚ್ಚು. ಸಿಗರೇಟು, ಬೀಡಿ ಬಿಡುವುದು ಮೊದಲನೆಯದು. ಬಿಡಲಾಗುತ್ತಿಲ್ಲ ಎಂದರೆ ಬೈಯುವ ಬದಲು ಡಾಕ್ಟರ ಹತ್ತಿರ ಕರೆದೊಯ್ಯಿರಿ, ಅದಕ್ಕೆ ಔಷಧಿಗಳಿವೆ. ಮನೆಯೊಳಗೆ ಬೇರೆ ಯಾರೂ ಸೇದಬಾರದು, ಒಲೆಯ ಹೊಗೆಯೂ ಬೇಡ. ಫ್ಲೂ ಲಸಿಕೆ ಪ್ರತಿ ವರ್ಷ, ಜೊತೆಗೆ ನ್ಯುಮೊಕಾಕಲ್ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ವಿರುದ್ಧದ್ದು) ಮತ್ತು ಕೋವಿಡ್ ಲಸಿಕೆ. ವಯಸ್ಸಾದವರಿಗೆ ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ವಿರುದ್ಧದ ಲಸಿಕೆಯ ಬಗ್ಗೆಯೂ ಕೇಳಿ. ನೆಗಡಿಯಾದ ನೆಂಟರಿಗೆ "ಗುಣವಾದ ಮೇಲೆ ಬನ್ನಿ" ಅನ್ನಲು ಸಂಕೋಚ ಬೇಡ.

ವರ್ಷಕ್ಕೆ ಎರಡು ಸಲ ಕೆರಳಿದರೆ ಅಥವಾ ಒಮ್ಮೆಯಾದರೂ ಆಸ್ಪತ್ರೆ ಸೇರಿದರೆ ದಿನನಿತ್ಯದ ಔಷಧಿ ಬದಲಿಸಬೇಕೇ ಎಂದು ಕೇಳಲೇಬೇಕು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚಿರುವವರಿಗೆ ಸ್ಟೀರಾಯ್ಡ್ ಇರುವ ಪಂಪ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆ.

ಮತ್ತೆ ತಿಂಗಳಿಗೊಮ್ಮೆ ಐದು ನಿಮಿಷದ ಕೆಲಸ. ಆರಾಮ ಕೊಡುವ ಪಂಪ್‌ನಲ್ಲಿ ಎಷ್ಟು ಉಳಿದಿದೆ, ದಿನಾಂಕ ಮುಗಿದಿದೆಯೇ ನೋಡಿ. ಬಹಳ ದಿನ ಬಳಸದಿದ್ದರೆ ಗಾಳಿಗೆ ಕೆಲವು ಸಲ ಒತ್ತಿ ಪರೀಕ್ಷಿಸಿ. ಸ್ಪೇಸರ್ ಅನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಒಳಗೋಡೆಗೆ ವಿದ್ಯುತ್ ಸೆಳೆತ ಬಂದು ಔಷಧಿ ಅಲ್ಲೇ ಅಂಟುತ್ತದೆ. ಯೋಜನೆಯ ಹಾಳೆಯನ್ನು ಬೀರುವಿನೊಳಗಿಂದ ತೆಗೆದು ಫೋನ್ ನಂಬರ್ ಸಮೇತ ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಅದು ಬಚ್ಚಲ ಬಾಗಿಲ ಪಕ್ಕದಲ್ಲಿದೆ, ಅಪ್ಪ "ಇವತ್ತು ಸ್ನಾನ ಬೇಡ" ಎಂದು ತಿರುಗುವ ಜಾಗದಲ್ಲೇ.